ಆರು ತಿಂಗಳ ಅರಸ ಕೊಕ್ಕಿಲಿ

ಚುನಾವಣೆ ಬಂದಾಗಲೆಲ್ಲ ಪತ್ರಿಕೆಗಳಲ್ಲಿ ಒಂದು ಸುದ್ದಿ ಇದ್ದೇ ಇರುತ್ತದೆ: ಇಂಥವರನ್ನು ಪಕ್ಷದಿಂದ ಆರು ವರ್ಷ ಉಚ್ಚಾಟಿಸಲಾಗಿದೆ. ಅನುವಾದದ ಕೆಲಸದಲ್ಲಿ ನಾನೂ ಈ ಪದವನ್ನು ಎಷ್ಟೋ ಬಾರಿ ಯೋಚಿಸದೆ ಬಳಸಿದ್ದೇನೆ. ವೆಂಗಿಯ ಚಾಲುಕ್ಯರ ತಾಮ್ರಪಟಗಳನ್ನು ಓದುವಾಗ ಅದೇ ಪದ ಒಬ್ಬ ರಾಜನಿಗೆ ಅಂಟಿಕೊಂಡಿರುವುದು ಕಂಡಿತು. ಕೊಕ್ಕಿಲಿ ಆರು ತಿಂಗಳು ಆಳಿದ. ಅವನ ಅಣ್ಣ ವಿಷ್ಣುವರ್ಧನ ಅವನನ್ನು 'ಉಚ್ಚಾಟ್ಯ', ಅಂದರೆ ಉಚ್ಚಾಟಿಸಿ, 37 ವರ್ಷ ಆಳಿದ. ಪಟ್ಟಿಯಲ್ಲಿ ಕೊಕ್ಕಿಲಿಗೆ ಸಿಕ್ಕಿರುವುದು ಇಷ್ಟೇ.

ಆದರೆ ಅವನ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಅದರ ಉಳಿದ ಭಾಗ ನಡೆದದ್ದು ನಾನಿರುವ ಗಾಜುವಾಕದಿಂದ ಹೆದ್ದಾರಿಯಲ್ಲಿ ಅನಕಾಪಲ್ಲಿ ದಾಟಿ ಹೋದರೆ ಸಿಗುವ ಎಲಮಂಚಿಲಿಯಲ್ಲಿ.

ಕೊಕ್ಕಿಲಿ ನಮಗೆ ದೂರದವನೇನಲ್ಲ. ಬಾದಾಮಿಯ ಇಮ್ಮಡಿ ಪುಲಕೇಶಿ ಕೃಷ್ಣಾ–ಗೋದಾವರಿ ನಡುವಿನ ವೆಂಗಿ ನಾಡನ್ನು ಗೆದ್ದು ತಮ್ಮ ಕುಬ್ಜ ವಿಷ್ಣುವರ್ಧನನಿಗೆ ಒಪ್ಪಿಸಿದ. ಸುಮಾರು 624ರಿಂದ ಆ ಶಾಖೆ ಸ್ವತಂತ್ರವಾಗಿ ಬೆಳೆಯಿತು. 753ರ ಹೊತ್ತಿಗೆ ಬಾದಾಮಿಯ ಮನೆತನ ರಾಷ್ಟ್ರಕೂಟರ ಮುಂದೆ ಕುಸಿದರೂ ವೆಂಗಿಯ ಶಾಖೆ ಇನ್ನೂ ಮೂರು ಶತಮಾನ ಉಳಿಯಿತು. ಕೊಕ್ಕಿಲಿ ಆ ಕುಬ್ಜ ವಿಷ್ಣುವರ್ಧನನ ಮರಿಮಗನ ಮಗ.

ತಂದೆ ಮಂಗಿ ಯುವರಾಜ 25 ವರ್ಷ ಆಳಿದ. ಅವನ ಮಗ ಇಮ್ಮಡಿ ಜಯಸಿಂಹ 13 ವರ್ಷ ಆಳಿದ. ಜಯಸಿಂಹನ ನಂತರ, ಸುಮಾರು 718ರಲ್ಲಿ, ಸಿಂಹಾಸನ ಏರಿದವನು ಅವನ ಮಲತಮ್ಮ ಕೊಕ್ಕಿಲಿ. ಆದರೆ ಅವನಿಗಿಂತ ದೊಡ್ಡವನಾದ ವಿಷ್ಣುವರ್ಧನ ಇನ್ನೂ ಇದ್ದ. ಅಣ್ಣನಿರುವಾಗ ತಮ್ಮನಿಗೆ ಪಟ್ಟ! ಈ ಗಂಟು ಬಿಚ್ಚಲು ಆರು ತಿಂಗಳು ಸಾಕಾಯಿತು. ಇದೇ ಹೊತ್ತಿನಲ್ಲಿ ಅತ್ತ ಬಾದಾಮಿಯಲ್ಲಿ ವಿಜಯಾದಿತ್ಯ ದೀರ್ಘಕಾಲ ನೆಮ್ಮದಿಯಿಂದ ಆಳುತ್ತ ಪಟ್ಟದಕಲ್ಲಿನಲ್ಲಿ ಗುಡಿ ಕಟ್ಟಿಸುತ್ತಿದ್ದ.

ಸಿಂಹಾಸನ ಕಳೆದುಕೊಂಡ ಕೊಕ್ಕಿಲಿ ಸಾಯಲಿಲ್ಲ, ಸನ್ಯಾಸಿಯಾಗಲೂ ಇಲ್ಲ. ರಾಜ್ಯದ ಉತ್ತರದ ಅಂಚಿಗೆ, ಮಧ್ಯಮ ಕಳಿಂಗ ಎಂದು ಕರೆಯುತ್ತಿದ್ದ ಈ ಕರಾವಳಿಗೆ ಬಂದು ಎಲಮಂಚಿಲಿಯಲ್ಲಿ ನೆಲೆ ನಿಂತ. ಅವನ ವಂಶದವರು ಇಲ್ಲಿಂದಲೇ ಆಳಿದರು ಎಂಬುದಕ್ಕೆ ಮುಂಜೇರಿನ ತಾಮ್ರಪಟಗಳು ಸಾಕ್ಷಿ. ಅಂದರೆ ಆರು ತಿಂಗಳು ಎಂಬುದು ವೆಂಗಿಯ ಗಡಿಯಾರದ ಲೆಕ್ಕ. ಎಲಮಂಚಿಲಿಯಲ್ಲಿ ನಿಂತು ನೋಡಿದರೆ ಇವನು ಒಂದು ಮನೆತನದ ಮೂಲಪುರುಷ.

ಹಾಗಾದರೆ ಈ ಪಟ್ಟಿ ಯಾರದು? ಹತ್ತನೇ ಶತಮಾನದ ಅಮ್ಮರಾಜರ ಶಾಸನಗಳಲ್ಲಿ ಅದು ಕಾಣುತ್ತದೆ. ಅವರು ಕೊಕ್ಕಿಲಿಯನ್ನು ಓಡಿಸಿದ ವಿಷ್ಣುವರ್ಧನನ ಸಂತತಿ. ಗೆದ್ದವರ ಮನೆಯ ದಾಖಲೆ ಎಂದ ಮೇಲೆ ಸೋತವನ ಹೆಸರನ್ನು ಅಳಿಸಿಬಿಡುವುದು ಸುಲಭವಿತ್ತು. ಅವರು ಅಳಿಸಲಿಲ್ಲ. ಉಚ್ಚಾಟಿಸಿದ್ದನ್ನೂ ಮುಚ್ಚಿಡಲಿಲ್ಲ. ಇಂದ್ರ ಭಟ್ಟಾರಕನ ಏಳು ದಿನ, ಕೊಕ್ಕಿಲಿಯ ಆರು ತಿಂಗಳು, ಬೇತ ವಿಜಯಾದಿತ್ಯನ ಹದಿನೈದು ದಿನ, ತಾಳನ ಒಂದು ತಿಂಗಳು, ಎಲ್ಲವೂ ಲೆಕ್ಕದಲ್ಲಿವೆ. ಕಾರಣ ಉದಾರತೆ ಇರಲಾರದು ಎಂದು ನನಗನಿಸುತ್ತದೆ. ಕುಬ್ಜ ವಿಷ್ಣುವರ್ಧನನಿಂದ ತಮ್ಮವರೆಗೆ ಸರಪಳಿ ಎಲ್ಲೂ ತುಂಡಾಗಿಲ್ಲ ಎಂದು ತೋರಿಸಬೇಕಾದರೆ ಒಂದು ದಿನವನ್ನೂ ಖಾಲಿ ಬಿಡುವಂತಿಲ್ಲ. ಲೆಕ್ಕ ಕೂಡಿ ಬರಬೇಕಿದ್ದರಿಂದ ಕೊಕ್ಕಿಲಿ ಉಳಿದುಕೊಂಡ.

ಇಂಥ ಪಟ್ಟಿಗಳು ಬೇರೆ ಕಡೆಯೂ ಇದ್ದವು. ಈಗಿನ ಸ್ಪೇನ್ ಆಳುತ್ತಿದ್ದ ವಿಸಿಗೋಥ್ ರಾಜರಿಗೂ ವರ್ಷ, ತಿಂಗಳು, ದಿನಗಳ ಪಟ್ಟಿಯಿತ್ತು. 621ರಲ್ಲಿ ಅಲ್ಲಿ ಎರಡನೇ ರೆಕಾರೆಡ್ ಎಂಬ ರಾಜ ತಂದೆ ಸಿಸೆಬುಟ್‌ನ ನಂತರ ಪಟ್ಟಕ್ಕೆ ಬಂದು ಬೇಗನೆ ತೀರಿಕೊಂಡ. 711ರಲ್ಲಿ ಅರಬ್ಬರ ದಾಳಿಗೆ ಆ ರಾಜ್ಯ ಒಡೆದಾಗ ರಾಡ್ರಿಕ್ ಒಂದೆಡೆ, ಅಖಿಲ ಇನ್ನೊಂದೆಡೆ ರಾಜರು. ಒಂದು ಪಟ್ಟಿ ರಾಡ್ರಿಕ್‌ನನ್ನು ಬಿಟ್ಟು ಅಖಿಲನಿಗೆ ಮೂರು ವರ್ಷ ಕೊಡುತ್ತದೆ. 754ರ ವೃತ್ತಾಂತ ರಾಡ್ರಿಕ್‌ನ ಕಥೆ ಹೇಳಿ ಅಖಿಲನ ಹೆಸರನ್ನೇ ಎತ್ತುವುದಿಲ್ಲ. ಆದರೂ ಅಖಿಲನ ಹೆಸರಿನ ನಾಣ್ಯಗಳು ನಾರ್ಬೊನ್, ತರ‍್ರಗೋನಾಗಳಲ್ಲಿ ಅಚ್ಚಾಗಿದ್ದವು. ಅಲ್ಲಿ ನಾಣ್ಯ ಮಾಡಿದ ಕೆಲಸವನ್ನೇ ಇಲ್ಲಿ ಮುಂಜೇರಿನ ತಾಮ್ರಪಟ ಮಾಡಿದೆ.

ಆಳ್ವಿಕೆಯ ಅಳತೆಗೂ ಬದುಕಿನ ಅಳತೆಗೂ ಹೊಂದಿಕೆಯಿಲ್ಲ ಎಂಬುದಕ್ಕೆ ಏಳು ದಿನದ ಇಂದ್ರ ಭಟ್ಟಾರಕನೇ ಸಾಕು. ಅವನ ಅಣ್ಣ ಜಯಸಿಂಹ 33 ವರ್ಷ ಆಳಿದ. ಆದರೆ ಮುಂದೆ ವೆಂಗಿಯಲ್ಲಿ ಕುಳಿತ ಈ ಮನೆತನದ ಅರಸರು, ಕೊಕ್ಕಿಲಿ ಮತ್ತು ಅವನನ್ನು ಓಡಿಸಿದ ಅಣ್ಣ ಇಬ್ಬರೂ, ಇಂದ್ರನ ಸಂತತಿಯೇ.

ಎಲಮಂಚಿಲಿ ಈಗ ಅನಕಾಪಲ್ಲಿ ಜಿಲ್ಲೆಯ ಒಂದು ಪಟ್ಟಣ, ಚೆನ್ನೈ–ಹೌರಾ ಮಾರ್ಗದ ಒಂದು ನಿಲ್ದಾಣ. ವಿಜಯವಾಡ ಕಡೆಯಿಂದ ರೈಲಿನಲ್ಲಿ ಬರುವಾಗ ಹಿಂದೆ ಅದನ್ನು 'ಇನ್ನೇನು ಮನೆ ಬಂತು' ಎಂಬ ಗುರುತಾಗಿ ಮಾತ್ರ ನೋಡುತ್ತಿದ್ದೆ. ಈಗ ಅದೇ ದಾರಿಯಲ್ಲಿ ವೆಂಗಿಯಿಂದ ಬಂದವನೊಬ್ಬ ನೆನಪಾಗುತ್ತಾನೆ. 'ಉಚ್ಚಾಟನೆ' ಎಂದು ಬರೆಯುವಾಗಲೂ ಅಷ್ಟೇ: ಹೊರಗೆ ಹಾಕಲ್ಪಟ್ಟವನು ಆಮೇಲೆ ಎಲ್ಲಿಗೆ ಹೋದ ಎಂದು ಕೇಳಿಕೊಳ್ಳುತ್ತೇನೆ.