ಅಸೆಂಬಲ್ಡ್ ಕಂಪ್ಯೂಟರ್: ಬಿಡಿಭಾಗಗಳ ಹೊಂದಾಣಿಕೆಯ ಚರಿತ್ರೆ

ಬಿಡಿಭಾಗಗಳನ್ನು ಬೇರೆ ಬೇರೆಯಾಗಿ ಕೊಂಡು ಜೋಡಿಸಿದ ಕಂಪ್ಯೂಟರನ್ನು ‘ಅಸೆಂಬಲ್ಡ್’ ಎಂದೂ, ಕಂಪನಿಯೊಂದು ತನ್ನ ಹೆಸರಿನಲ್ಲಿ ಸಿದ್ಧಪಡಿಸಿ ಮಾರುವುದನ್ನು ‘ಬ್ರಾಂಡೆಡ್’ ಎಂದೂ ಕರೆಯುವ ರೂಢಿ ಕರ್ನಾಟಕದ ಪೇಟೆಗಳಲ್ಲಿ 1990ರ ದಶಕದಲ್ಲಿ ನೆಲೆಯೂರಿತು. ಮನೆಗೆ ಮೊದಲ ಕಂಪ್ಯೂಟರ್ ತರಬೇಕೆಂದಿದ್ದ ಮಧ್ಯಮ ವರ್ಗದ ಕುಟುಂಬಗಳು ಅಸೆಂಬಲ್ಡ್ ಯಂತ್ರವನ್ನು ಆರಿಸಿಕೊಂಡದ್ದು ಅದರ ಬೆಲೆ ಕಡಿಮೆಯೆಂಬ ಕಾರಣಕ್ಕೆ. ಆದರೆ ಒಬ್ಬ ತಯಾರಕನ ಪ್ರೊಸೆಸರ್ ಇನ್ನೊಬ್ಬನ ಮದರ್‌ಬೋರ್ಡಿನಲ್ಲಿ ಕೂರುತ್ತದೆ, ಮೂರನೆಯವನ ರ‍್ಯಾಮ್ ಅದರೊಡನೆ ಕೆಲಸ ಮಾಡುತ್ತದೆ ಎಂಬ ಭರವಸೆ ಇಲ್ಲದಿದ್ದರೆ ಆ ಕಡಿಮೆ ಬೆಲೆಯೇ ಹುಟ್ಟುತ್ತಿರಲಿಲ್ಲ. ಆ ಭರವಸೆ ಹೇಗೆ ಬೆಳೆಯಿತು, ಎಲ್ಲೆಲ್ಲಿ ಮುರಿಯಿತು ಎಂಬುದೇ ಈ ವ್ಯಾಪಾರದ ಚರಿತ್ರೆಯ ತಿರುಳು.

ಅದರ ಮೂಲ ಅಮೆರಿಕದಲ್ಲಿದೆ. 1981ರ ಆಗಸ್ಟ್ 12ರಂದು ಐಬಿಎಂ ಬಿಡುಗಡೆ ಮಾಡಿದ ಪರ್ಸನಲ್ ಕಂಪ್ಯೂಟರಿನಲ್ಲಿ ಪ್ರೊಸೆಸರ್ ಇಂಟೆಲ್‌ನದು, ಕಾರ್ಯಾಚರಣ ವ್ಯವಸ್ಥೆ ಮೈಕ್ರೋಸಾಫ್ಟ್‌ನದು. ಬೇರೆಯವರೂ ಇದಕ್ಕೆ ಕಾರ್ಡುಗಳನ್ನು ತಯಾರಿಸಲೆಂದು ಐಬಿಎಂ ಯಂತ್ರದ ಮಂಡಲಗಳ ನಕ್ಷೆಗಳನ್ನು ಕೈಪಿಡಿಯಲ್ಲಿ ಮುದ್ರಿಸಿಯೇ ಕೊಟ್ಟಿತು. ಅದರ ಸ್ವಂತ ಸ್ವತ್ತಾಗಿ ಉಳಿದದ್ದು ಬಯೋಸ್ ಒಂದೇ. ಯಂತ್ರಕ್ಕೆ ವಿದ್ಯುತ್ ಹರಿದೊಡನೆ ಬಿಡಿಭಾಗಗಳನ್ನು ಗುರುತಿಸಿ ಎಚ್ಚರಿಸುವ, ಚಿಪ್ಪಿನೊಳಗೇ ಬರೆದಿಟ್ಟ ಪುಟ್ಟ ತಂತ್ರಾಂಶವನ್ನು ಬಯೋಸ್ ಎನ್ನುತ್ತಾರೆ. ಕಾಂಪ್ಯಾಕ್ ಕಂಪನಿ ಅದನ್ನು ನಕಲು ಮಾಡದೆ, ಅದೇ ಕೆಲಸ ಮಾಡುವ ಬೇರೊಂದನ್ನು ಹೊಸದಾಗಿ ಬರೆಸಿತು; 1984ರಲ್ಲಿ ಫೀನಿಕ್ಸ್ ಕಂಪನಿ ಇಂಥದೇ ಬಯೋಸನ್ನು ಬೇಕೆಂದವರಿಗೆಲ್ಲ ಮಾರತೊಡಗಿದ ಮೇಲೆ ಮದರ್‌ಬೋರ್ಡ್ ತಯಾರಿಕೆ ತೈವಾನಿನ ಸಣ್ಣ ಕಾರ್ಖಾನೆಗಳಿಗೂ ಎಟುಕಿತು. 1987ರಲ್ಲಿ ಐಬಿಎಂ ಹೊಸ ಮಾದರಿಯ ಸ್ಲಾಟುಗಳನ್ನು ತಂದು ಪರವಾನಗಿಯ ಬಲದಿಂದ ಮಾರುಕಟ್ಟೆಯನ್ನು ಮತ್ತೆ ಹಿಡಿತಕ್ಕೆ ತಂದುಕೊಳ್ಳಲು ಯತ್ನಿಸಿತಾದರೂ ಉಳಿದ ತಯಾರಕರು ಹಳೆಯ ಮಾದರಿಯನ್ನು ಬಿಟ್ಟುಕೊಡಲಿಲ್ಲ.

ಭಾರತದಲ್ಲಿ 1984ರ ನವೆಂಬರಿನ ಕಂಪ್ಯೂಟರ್ ನೀತಿ ಬಿಡಿಭಾಗಗಳ ಆಮದನ್ನು ಸಡಿಲಗೊಳಿಸಿತು. 1991ರ ಉದಾರೀಕರಣ ಮತ್ತು 1997ರಲ್ಲಿ ದೇಶ ಸೇರಿದ ಮಾಹಿತಿ ತಂತ್ರಜ್ಞಾನ ಒಪ್ಪಂದ ಆಮದು ಸುಂಕವನ್ನು ಹಂತಹಂತವಾಗಿ ಇಳಿಸಿದವು. ದೆಹಲಿಯ ನೆಹರೂ ಪ್ಲೇಸ್, ಮುಂಬೈಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈಯ ರಿಚೀ ಸ್ಟ್ರೀಟ್‌ಗಳಂತೆ ಬೆಂಗಳೂರಿನಲ್ಲಿ ಸದರ್ ಪತ್ರಪ್ಪ ರಸ್ತೆ, ಅಂದರೆ ಎಲ್ಲರ ಬಾಯಲ್ಲಿರುವ ಎಸ್.ಪಿ. ರೋಡ್, ಈ ವ್ಯಾಪಾರದ ಕೇಂದ್ರವಾಯಿತು. ಅಲ್ಲಿನ ಅಂಗಡಿಗಳು ಬರೆದುಕೊಡುತ್ತಿದ್ದ ‘ಕೊಟೇಶನ್’ ಎಂಬ ಒಂದು ಹಾಳೆಯ ಪಟ್ಟಿಯಲ್ಲಿ ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್, ಹಾರ್ಡ್ ಡಿಸ್ಕ್, ಕ್ಯಾಬಿನೆಟ್, ಮಾನಿಟರ್‌ಗಳ ಬೆಲೆ ಸಾಲಾಗಿ ಇರುತ್ತಿತ್ತು. ಕರೆಂಟ್ ಹೋಗುವ ಊರಿನವರಿಗೆ ಕೊನೆಯಲ್ಲಿ ಯುಪಿಎಸ್ ಕೂಡ ಸೇರುತ್ತಿತ್ತು. ಯಾವುದಕ್ಕೆ ಯಾವುದು ಹೊಂದುತ್ತದೆ ಎಂಬ ಜ್ಞಾನ ಬಹುಕಾಲ ಪುಸ್ತಕಗಳಲ್ಲಿ ಇರಲಿಲ್ಲ. ಆ ಪಟ್ಟಿ ಬರೆಯುವವನ ಮತ್ತು ಒಳಗೆ ಕುಳಿತು ಜೋಡಿಸುವ ಹುಡುಗನ ಅನುಭವದಲ್ಲಿತ್ತು. ಈ ಕೆಲಸಗಾರರ ಪರಿಣತಿಗೆ ದೇಶದ ಕಂಪ್ಯೂಟರ್ ಚರಿತ್ರೆಯಲ್ಲಿ ಸಲ್ಲಬೇಕಾದ ಸ್ಥಾನ ಇನ್ನೂ ಸಂದಿಲ್ಲ.

ಆ ಪರಿಣತಿ ಎಂಥದಿತ್ತೆಂಬುದು ‘ಎಟಿ’ ಮಾದರಿಯ ಯಂತ್ರಗಳನ್ನು ಹತ್ತಿರದಿಂದ ನೋಡಿದರೆ ತಿಳಿಯುತ್ತದೆ. ಗೋಡೆಯ ಪ್ಲಗ್ಗಿನಿಂದ ಬರುವ ವಿದ್ಯುತ್ತನ್ನು ಯಂತ್ರಕ್ಕೆ ಒಗ್ಗುವ 5 ಮತ್ತು 12 ವೋಲ್ಟುಗಳಿಗೆ ಇಳಿಸುವ ಎಸ್‌ಎಂಪಿಎಸ್‌ನಿಂದ ಮದರ್‌ಬೋರ್ಡಿಗೆ ಆರಾರು ತಂತಿಗಳ ಎರಡು ಕನೆಕ್ಟರುಗಳು ಹೋಗುತ್ತಿದ್ದವು. ಅವೆರಡೂ ನೋಡಲು ಒಂದೇ ರೀತಿ ಇದ್ದುದರಿಂದ ಅದಲುಬದಲಾಗಿ ಚುಚ್ಚಲು ಅಡ್ಡಿಯಿರಲಿಲ್ಲ, ಚುಚ್ಚಿದರೆ ಬೋರ್ಡ್ ಸುಟ್ಟುಹೋಗುತ್ತಿತ್ತು. ಎರಡರ ಕಪ್ಪು ತಂತಿಗಳೂ ಮಧ್ಯದಲ್ಲಿ ಒಂದರ ಪಕ್ಕ ಒಂದು ಬರಬೇಕೆಂಬುದು ಜೋಡಿಸುವವರು ಕಲಿಯುತ್ತಿದ್ದ ಮೊದಲ ಪಾಠ. ಪೆಂಟಿಯಂ ಪ್ರೊಸೆಸರ್ ಒಮ್ಮೆಗೆ 64 ಬಿಟ್‌ಗಳಷ್ಟು ದತ್ತಾಂಶವನ್ನು ಸಾಗಿಸುತ್ತಿದ್ದರೆ, ಆಗಿನ 72 ಪಿನ್ನಿನ ರ‍್ಯಾಮ್ ಪಟ್ಟಿಯ ಅಗಲ 32 ಬಿಟ್ ಮಾತ್ರ; ಆದ್ದರಿಂದ ಅವನ್ನು ಜೋಡಿಯಾಗಿಯೇ ಕೊಳ್ಳಬೇಕಿತ್ತು, ಹಣ ಉಳಿಸಲು ಒಂದನ್ನೇ ಹಾಕಿದವರ ಯಂತ್ರ ಸಾಮಾನ್ಯವಾಗಿ ಏಳುತ್ತಲೇ ಇರಲಿಲ್ಲ. 1997ರಲ್ಲಿ ಬಂದ ಎಂಎಂಎಕ್ಸ್ ಪೆಂಟಿಯಂ ಹಳೆಯ ಪೆಂಟಿಯಂ ಕೂರುತ್ತಿದ್ದ ಸಾಕೆಟ್ಟಿನಲ್ಲೇ ಕೂತರೂ ಅದರ ಒಳಭಾಗಕ್ಕೆ ಬೇಕಿದ್ದುದು 3.3 ವೋಲ್ಟ್ ಅಲ್ಲ, 2.8 ವೋಲ್ಟ್. ಬೋರ್ಡಿನ ಮೇಲಿನ ಜಂಪರ್ ಎಂಬ ಪುಟ್ಟ ಕೊಂಡಿಯನ್ನು ಸರಿಯಾದ ಜಾಗಕ್ಕೆ ಸರಿಸದಿದ್ದರೆ ಹೊಸ ಪ್ರೊಸೆಸರಿಗೇ ಕುತ್ತು ಬರುವ ಸಂಭವವಿತ್ತು.

1995ರಲ್ಲಿ ಇಂಟೆಲ್ ಪ್ರಕಟಿಸಿದ ‘ಎಟಿಎಕ್ಸ್’ ಮಾನದಂಡ ಮೊದಲ ಬಾರಿಗೆ ಜೋಡಿಸುವವರಿಗೆ ನೆಮ್ಮದಿ ಕೊಡುವ ವ್ಯವಸ್ಥೆಯಾಯಿತು. ಬೋರ್ಡಿನ ಅಳತೆ, ಸ್ಕ್ರೂ ರಂಧ್ರಗಳ ಜಾಗ, ಹಿಂಬದಿಯ ಕಿಂಡಿಗಳ ಸ್ಥಾನ ಇವೆಲ್ಲವನ್ನೂ ಅದು ಗೊತ್ತುಮಾಡಿತು; ವಿದ್ಯುತ್ತಿಗೆ ತಿರುಗಿಸಿ ಚುಚ್ಚಲಾಗದ 20 ಪಿನ್ನಿನ ಒಂದೇ ಕನೆಕ್ಟರನ್ನು ತಂದಿತು. ಅದೇ ಕುಟುಂಬದ, 244 ಮಿಲಿಮೀಟರ್ ಚೌಕದ ಮೈಕ್ರೋ ಎಟಿಎಕ್ಸ್ ಇಂದಿಗೂ ಕಡಿಮೆ ಬೆಲೆಯ ಬೋರ್ಡುಗಳ ಸಾಮಾನ್ಯ ಅಳತೆಯಾಗಿದೆ.

ಇದೇ ಕಾಲದಲ್ಲಿ ಪ್ರೊಸೆಸರಿನ ವಿಷಯದಲ್ಲಿ ಮಾತ್ರ ದಾರಿ ಕವಲೊಡೆಯಿತು. ‘ಸಾಕೆಟ್ 7’ ಎಂಬ 321 ರಂಧ್ರಗಳ ಪೀಠದಲ್ಲಿ ಇಂಟೆಲ್, ಎಎಂಡಿ, ಸಿರಿಕ್ಸ್ ಮೂವರ ಪ್ರೊಸೆಸರುಗಳೂ ಕೂರುತ್ತಿದ್ದವು. ಕಡಿಮೆ ಹಣದವನಿಗೆ ಅಷ್ಟು ಸ್ವಾತಂತ್ರ್ಯ ಕೊಟ್ಟ ಪೀಠ ಮತ್ತೆ ಬರಲಿಲ್ಲ. 1997ರಲ್ಲಿ ಪೆಂಟಿಯಂ 2ರೊಡನೆ ಇಂಟೆಲ್ ತನ್ನದೇ ಆದ ‘ಸ್ಲಾಟ್ 1’ಕ್ಕೆ ಹೊರಳಿತು, 1999ರಲ್ಲಿ ಎಎಂಡಿಯೂ ‘ಸ್ಲಾಟ್ ಎ’ ತಂದಿತು. ಅಲ್ಲಿಂದೀಚೆಗೆ ಪ್ರೊಸೆಸರ್ ಯಾರದೆಂದು ತೀರ್ಮಾನಿಸಿದ ಮೇಲೆಯೇ ಮದರ್‌ಬೋರ್ಡ್ ನೋಡಬೇಕೆಂಬ ಕ್ರಮ ಅನಿವಾರ್ಯವಾಯಿತು. ಹೆಸರು ಒಂದೇ ಇದ್ದ ಮಾತ್ರಕ್ಕೆ ಹೊಂದಾಣಿಕೆ ಖಚಿತವೆಂದೂ ಹೇಳುವಂತಿರಲಿಲ್ಲ; 1999ರ ಆರಂಭದ ಸೆಲೆರಾನ್‌ಗಾಗಿ ಮಾಡಿದ ಅನೇಕ ‘ಸಾಕೆಟ್ 370’ ಬೋರ್ಡುಗಳಲ್ಲಿ ಅದೇ ಸಾಕೆಟ್ಟಿನ ನಂತರದ ಪೆಂಟಿಯಂ 3 ಕೂರುತ್ತಿತ್ತು, ಓಡುತ್ತಿರಲಿಲ್ಲ.

ಕಡಿಮೆ ಬೆಲೆಯೇ ಮುಂದೆ ಕಟ್ಟುಪಾಡಾದ ಉದಾಹರಣೆಗಳೂ ಇವೆ. 1999ರ ಇಂಟೆಲ್ 810 ಚಿಪ್‌ಸೆಟ್‌ನ ಬೋರ್ಡುಗಳು ಪರದೆಗೆ ಚಿತ್ರ ಕಳುಹಿಸುವ ಗ್ರಾಫಿಕ್ಸನ್ನು ತಮ್ಮಲ್ಲೇ ಅಡಗಿಸಿಕೊಂಡು ಒಂದು ಕಾರ್ಡಿನ ಖರ್ಚನ್ನು ಉಳಿಸಿದವು. ಆದರೆ ಗ್ರಾಫಿಕ್ಸ್ ಕಾರ್ಡಿಗೆಂದೇ ಆಗ ರೂಢಿಯಲ್ಲಿದ್ದ ಎಜಿಪಿ ಸ್ಲಾಟ್ ಅವುಗಳಲ್ಲಿ ಇರಲಿಲ್ಲವಾದ್ದರಿಂದ ಮುಂದೆ ಒಳ್ಳೆಯ ಕಾರ್ಡ್ ಹಾಕುವ ದಾರಿ ಮುಚ್ಚಿತು. ಇದಕ್ಕಿಂತ ದೊಡ್ಡ ಹಾನಿ ಮಾಡಿದ್ದು ಕ್ಯಾಬಿನೆಟ್ಟಿನೊಡನೆ ಸೇರಿಸಿಯೇ ಮಾರುವ ಅಗ್ಗದ ಎಸ್‌ಎಂಪಿಎಸ್. ಅದರ ಮೇಲೆ ಅಂಟಿಸಿದ ವ್ಯಾಟ್ ಸಂಖ್ಯೆಯನ್ನು ಅದು ನಿಜಕ್ಕೂ ಕೊಡಬಲ್ಲದೆಂಬ ಖಾತರಿ ಇರಲಿಲ್ಲ, ಕೆಡುವಾಗ ಅದು ಹಾರ್ಡ್ ಡಿಸ್ಕನ್ನೂ ಬೋರ್ಡನ್ನೂ ಜೊತೆಗೆ ಒಯ್ಯುವ ಅಪಾಯವಿತ್ತು. ಕೊಟೇಶನ್ನಿನಲ್ಲಿ ಇದಕ್ಕೆ ಪ್ರತ್ಯೇಕ ಸಾಲೇ ಇಲ್ಲದೆ ಹೋದದ್ದು ಈ ವ್ಯಾಪಾರದ ಅತ್ಯಂತ ಕೆಟ್ಟ ಪದ್ಧತಿ.

ಹಳೆಯ ತೊಡಕುಗಳು ಹೊಸ ರೂಪದಲ್ಲಿ ಮರುಕಳಿಸಿವೆ. 2015ರಲ್ಲಿ ಬಂದ ಇಂಟೆಲ್‌ನ 1151 ಸಾಕೆಟ್ಟಿನ ಬೋರ್ಡುಗಳು 2017ರಲ್ಲಿ ಅದೇ ಸಂಖ್ಯೆಯ ಸಾಕೆಟ್ಟಿಗೆ ಬಂದ ಎಂಟನೆಯ ತಲೆಮಾರಿನ ಕೋರ್ ಪ್ರೊಸೆಸರುಗಳನ್ನು ಅಧಿಕೃತವಾಗಿ ಒಪ್ಪಲಿಲ್ಲ. ಎಎಂಡಿಯ ಎಎಂ4 ಸಾಕೆಟ್ ಹಲವು ತಲೆಮಾರುಗಳ ರೈಜೆನ್ ಪ್ರೊಸೆಸರುಗಳಿಗೆ ಉಳಿದುಬಂದು ಕಡಿಮೆ ಬಜೆಟ್ಟಿನವರಿಗೆ ದೊಡ್ಡ ಉಪಕಾರ ಮಾಡಿತಾದರೂ, ಹಳೆಯ ಬಯೋಸ್ ಇರುವ ಬೋರ್ಡ್ ಹೊಸ ಪ್ರೊಸೆಸರನ್ನು ಗುರುತಿಸದೆ ಪರದೆ ಕಪ್ಪಾಗಿಯೇ ಉಳಿಯುವ ಸಮಸ್ಯೆ ಎದ್ದಿತು. 2018ರಲ್ಲಿ ಎಎಂಡಿ ತಾನೇ ಗ್ರಾಹಕರಿಗೆ ಹಳೆಯ ಪ್ರೊಸೆಸರುಗಳನ್ನು ಎರವಲು ಕೊಟ್ಟು ಬಯೋಸ್ ನವೀಕರಿಸಿಕೊಳ್ಳಲು ನೆರವಾಗಬೇಕಾಯಿತು. ಡಿಡಿಆರ್4 ಮತ್ತು ಡಿಡಿಆರ್5 ರ‍್ಯಾಮ್ ಎರಡಕ್ಕೂ 288 ಪಿನ್‌ಗಳಿದ್ದರೂ ನಡುವಿನ ಕಚ್ಚು ಬೇರೆ ಜಾಗದಲ್ಲಿರುವುದರಿಂದ ಒಂದರ ಸ್ಲಾಟಿನಲ್ಲಿ ಇನ್ನೊಂದು ಇಳಿಯುವುದಿಲ್ಲ. ಹೆಸರಿನ ಕೊನೆಯಲ್ಲಿ ‘ಎಫ್’ ಇರುವ ಇಂಟೆಲ್ ಪ್ರೊಸೆಸರುಗಳು ಕೊಂಚ ಅಗ್ಗ. ಅವುಗಳಲ್ಲಿ ಬಳಸಬಹುದಾದ ಗ್ರಾಫಿಕ್ಸ್ ಇಲ್ಲವಾದ್ದರಿಂದ ಕಾರ್ಡ್ ಕೊಳ್ಳದಿದ್ದರೆ ಮಾನಿಟರಿನಲ್ಲಿ ಏನೂ ಮೂಡುವುದಿಲ್ಲ.

ಮೊದಲ ಬಾರಿಗೆ ಜೋಡಿಸುವವರು ಪ್ರೊಸೆಸರ್, ಅದಕ್ಕೆ ತಕ್ಕ ಬೋರ್ಡ್, ಬೋರ್ಡಿಗೆ ತಕ್ಕ ರ‍್ಯಾಮ್, ಎಲ್ಲವನ್ನೂ ಹೊರುವ ಎಸ್‌ಎಂಪಿಎಸ್ ಎಂಬ ಕ್ರಮದಲ್ಲಿ ಆಯ್ಕೆ ಮಾಡುವುದು ಲೇಸು. ಬೋರ್ಡಿನ ತಯಾರಕರು ಪ್ರತಿ ಮಾದರಿಗೂ ಯಾವ ಪ್ರೊಸೆಸರಿಗೆ ಬಯೋಸಿನ ಎಷ್ಟನೆಯ ಆವೃತ್ತಿ ಬೇಕೆಂಬ ಪಟ್ಟಿಯನ್ನು ಪ್ರಕಟಿಸುತ್ತಾರೆ. ಹಣ ಕೊಡುವ ಮೊದಲು ಅದನ್ನೊಮ್ಮೆ ಓದಿಕೊಂಡು, ಅಂಗಡಿಯಲ್ಲಿರುವ ಬೋರ್ಡಿನ ಬಯೋಸ್ ಯಾವ ಆವೃತ್ತಿಯದೆಂದು ಕೇಳಿ ತಿಳಿದುಕೊಳ್ಳಬೇಕು.