ಬಿಟ್ಟಿ ಮತ್ತು ವೆಟ್ಟಿ: ಕಲ್ಯಾಣ–ಹುಮನಾಬಾದ್ ಕಡೆಯಿಂದ ಕಮ್ಯುನಿಸ್ಟ್ ಚರಿತ್ರೆಯ ಒಂದು ನೋಟ

ಸಂಸ್ಕೃತದ ‘ವಿಷ್ಟಿ’ ಕನ್ನಡದಲ್ಲಿ ‘ಬಿಟ್ಟಿ’ಯಾಯಿತು, ತೆಲುಗಿನಲ್ಲಿ ‘ವೆಟ್ಟಿ’ಯಾಯಿತು. ಕೂಲಿ ಕೊಡದೆ ದುಡಿಸಿಕೊಳ್ಳುವ ಪದ್ಧತಿಗೆ ಈ ಹೆಸರು. 20ನೆಯ ಶತಮಾನದ ನಡುಭಾಗದಲ್ಲಿ, ಒಂದೇ ಹೈದರಾಬಾದ್ ಸಂಸ್ಥಾನದೊಳಗೆ, ಈ ಎರಡು ರೂಪಗಳ ಗತಿ ಬೇರೆಬೇರೆಯಾಯಿತು. ವೆಟ್ಟಿಯ ವಿರುದ್ಧ ನಲ್ಗೊಂಡ, ವರಂಗಲ್ಲುಗಳ ರೈತರು ಕಮ್ಯುನಿಸ್ಟ್ ಪಕ್ಷದ ಬಾವುಟದಡಿ ಶಸ್ತ್ರ ಹಿಡಿದರು. ಬಿಟ್ಟಿಯ ಸೀಮೆಯಾದ ಕಲ್ಯಾಣ–ಹುಮನಾಬಾದಿನಲ್ಲಿ ಅಂಥ ರೈತದಂಗೆ ಏಳಲಿಲ್ಲ. ಅರಸನೊಬ್ಬನೇ, ಆಡಳಿತ ಒಂದೇ. ಫಲ ಮಾತ್ರ ಎರಡಾದುದು ಏಕೆ?

ಶೋಷಣೆ ಇಲ್ಲಿ ಕಡಿಮೆಯಿತ್ತೆಂಬುದು ಉತ್ತರವಾಗಲಾರದು. ಸಂಸ್ಥಾನದ ಭೂಮಿಯಲ್ಲಿ ಸುಮಾರು ಶೇಕಡ 60 ಮಾತ್ರ ಸರ್ಕಾರದ ನೇರ ಕಂದಾಯಕ್ಕೆ ಒಳಪಟ್ಟಿತ್ತು; ಶೇಕಡ 10 ನಿಜಾಮನ ಸ್ವಂತ ‘ಸರ್ಫ್-ಎ-ಖಾಸ್’, ಉಳಿದದ್ದು ಜಹಗೀರು. ಕಲ್ಯಾಣವೂ ನವಾಬರ ಜಹಗೀರೇ. ವಿಕ್ರಮಾದಿತ್ಯನ ಆಸ್ಥಾನದಲ್ಲಿ ವಿಜ್ಞಾನೇಶ್ವರನು ‘ಮಿತಾಕ್ಷರ’ವನ್ನು ರಚಿಸಿ, ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕುಂಟೆಂದು ಸ್ಥಾಪಿಸಿದ ಊರಿದು. ಕಾಯಕವನ್ನು ಕೈಲಾಸವೆಂದ ಶರಣರು ನಡೆದಾಡಿದ ಊರೂ ಇದೇ. ಅಂಥ ಊರಿನ ಸುತ್ತಲೇ, ಎಂಟು ಶತಮಾನಗಳ ತರುವಾಯ, ದುಡಿಯುವವನಿಗೆ ತಾನು ಉಳುವ ನೆಲದ ಮೇಲೆ ಭದ್ರವಾದ ಹಕ್ಕಿರಲಿಲ್ಲ.

ವ್ಯತ್ಯಾಸವಿದ್ದದ್ದು ಸಂಘಟನೆಯಲ್ಲಿ. ರಾಜಕೀಯ ಸಭೆಗಳಿಗೆ ನಿರ್ಬಂಧವಿದ್ದ ಸಂಸ್ಥಾನದಲ್ಲಿ ಭಾಷಿಕ ಸಂಸ್ಥೆಗಳೇ ಸಾರ್ವಜನಿಕ ವೇದಿಕೆಗಳಾಗಿದ್ದವು. ತೆಲುಗರ ಆಂಧ್ರ ಮಹಾಸಭೆ ಗ್ರಂಥಾಲಯ, ಮಾತೃಭಾಷಾ ಶಿಕ್ಷಣಗಳಿಂದ ಆರಂಭಗೊಂಡು, ರಾವಿ ನಾರಾಯಣ ರೆಡ್ಡಿ ಮೊದಲಾದವರ ಮೂಲಕ ಹಳ್ಳಿಗೆ ಇಳಿಯಿತು; 1944ರ ಭುವನಗಿರಿ ಅಧಿವೇಶನದ ವೇಳೆಗೆ ಅದು ಕಮ್ಯುನಿಸ್ಟರ ಕೈಸೇರಿತ್ತು. ವೆಟ್ಟಿ ನಿಲ್ಲಿಸಿರಿ, ಒಕ್ಕಲೆಬ್ಬಿಸಬೇಡಿರಿ ಎಂಬುದೇ ಅದರ ಭಾಷೆಯಾಯಿತು. ಕನ್ನಡಿಗರ ಕರ್ನಾಟಕ ಪರಿಷತ್ತಾದರೋ ನುಡಿ, ಶಾಲೆ, ಪ್ರಾಂತೈಕ್ಯಗಳ ಆಸ್ಥೆಯಲ್ಲಿ ಉಳಿದು, ಸ್ವಾಮಿ ರಮಾನಂದ ತೀರ್ಥರ ಸ್ಟೇಟ್ ಕಾಂಗ್ರೆಸ್ಸಿನೊಡನೆ ಬೆರೆಯಿತು. ಅದರ ಕಾರ್ಯಕರ್ತರು ವಿದ್ಯಾವಂತರು, ವಕೀಲರು, ಪಟ್ಟಣಿಗರು. ಹೋರಾಟ ತೀವ್ರವಾದಾಗ ಅವರು ಮುಂಡರಗಿ, ಗಜೇಂದ್ರಗಡಗಳಂಥ ಗಡಿ ಶಿಬಿರಗಳಿಂದ ಹೋರಾಡಿದರು. ಆ ಶೌರ್ಯ ಸಣ್ಣದಲ್ಲ; ಆದರೆ ಒಕ್ಕಲಿಗನ ನೆಲದ ಪ್ರಶ್ನೆ ಅವರ ಮುಖ್ಯ ಪ್ರಶ್ನೆಯಾಗಲಿಲ್ಲ.

1946ರ ಜುಲೈ 4ರಂದು ಕಡವೆಂಡಿಯಲ್ಲಿ ದೇಶಮುಖನ ಕಡೆಯವರ ಗುಂಡಿಗೆ ದೊಡ್ಡಿ ಕೊಮರಯ್ಯ ಬಲಿಯಾದನು. ಅಲ್ಲಿಂದ ಹಬ್ಬಿದ ಹೋರಾಟ, ಪಕ್ಷದ ನಾಯಕ ಪಿ. ಸುಂದರಯ್ಯನವರ ಲೆಕ್ಕದಂತೆ, ಸುಮಾರು 3,000 ಹಳ್ಳಿಗಳಲ್ಲಿ 10 ಲಕ್ಷ ಎಕರೆ ಭೂಮಿಯನ್ನು ಹಂಚಿತು. 4,000 ಮಂದಿ ಪ್ರಾಣ ತೆತ್ತರು. ಕಲ್ಯಾಣದ ಸೀಮೆಯೂ ರಕ್ತ ಕಾಣದೆ ಉಳಿಯಲಿಲ್ಲ. 1948ರ ಮೇ ತಿಂಗಳಲ್ಲಿ ಗೋರ್ಟಾ ಗ್ರಾಮದ ಮೇಲೆ ಎರಗಿದ ರಜಾಕಾರರು ಕೊಂದವರ ಸಂಖ್ಯೆ ಸುಮಾರು 200 ಎಂದು ಜನ ಇಂದಿಗೂ ಹೇಳುತ್ತಾರೆ. ತೆಲಂಗಾಣದ ಹಳ್ಳಿಗಳು ದಳ ಕಟ್ಟಿಕೊಂಡು ಎದುರಿಸಿದ ಹಿಂಸೆಯನ್ನು ಗೋರ್ಟಾ ಅಂಥ ಸಂಘಟನೆಯ ಆಸರೆಯಿಲ್ಲದೆ ಎದುರಿಸಬೇಕಾಯಿತು.

1948ರ ಸೆಪ್ಟೆಂಬರ್ 17ರಂದು ನಿಜಾಮನು ಶರಣಾದ ಮೇಲೂ ತೆಲಂಗಾಣದ ಕದನ ನಿಲ್ಲಲಿಲ್ಲ. ಈಗ ಎದುರಾಳಿ ಭಾರತದ ಸೇನೆ. ಪಕ್ಷದೊಳಗೇ ಭಿನ್ನಮತ ಹುಟ್ಟಿತು. ಅತ್ತ ಯೂರೋಪಿನಲ್ಲಿ ಗ್ರೀಸಿನ ಕಮ್ಯುನಿಸ್ಟರ ಸಶಸ್ತ್ರ ಹೋರಾಟ 1949ರಲ್ಲಿ ಸೋತು ಮುಗಿದಿತ್ತು. 1951ರಲ್ಲಿ ಡಾಂಗೆ, ಅಜಯ ಘೋಷ್, ರಾಜೇಶ್ವರ ರಾವ್, ಬಸವಪುನ್ನಯ್ಯ ಈ ನಾಲ್ವರು ಗುಟ್ಟಾಗಿ ಮಾಸ್ಕೋಗೆ ಹೋಗಿ ಸ್ಟಾಲಿನ್ನನನ್ನು ಕಂಡು ಬಂದರು. ಅದೇ ಅಕ್ಟೋಬರಿನಲ್ಲಿ ಹೋರಾಟವನ್ನು ಹಿಂತೆಗೆಯಲಾಯಿತು. 1952ರ ಚುನಾವಣೆಯಲ್ಲಿ ಪೀಪಲ್ಸ್ ಡೆಮಾಕ್ರಟಿಕ್ ಫ್ರಂಟ್ ಎಂಬ ಹೆಸರಿನಿಂದ ನಿಂತ ಅವರು ಹೈದರಾಬಾದ್ ವಿಧಾನಸಭೆಯ 175 ಸ್ಥಾನಗಳಲ್ಲಿ 42ನ್ನು ಗೆದ್ದು ವಿರೋಧ ಪಕ್ಷವಾದರು. ಬಂದೂಕಿನಿಂದ ಮತಪೆಟ್ಟಿಗೆಗೆ ಬಂದ ದಾರಿಯಿದು.

ಕಲ್ಯಾಣ–ಹುಮನಾಬಾದಿಗೆ ಈ ಚರಿತ್ರೆ ಸಂಬಂಧಿಸುವುದು ಇಲ್ಲಿಯೇ. 1949ರಲ್ಲಿ ಜಹಗೀರುಗಳು ರದ್ದಾದವು; 1950ರ ಹೈದರಾಬಾದ್ ಗೇಣಿ ಶಾಸನ ‘ರಕ್ಷಿತ ಗೇಣಿದಾರ’ ಎಂಬ ಹೊಸ ವರ್ಗವನ್ನೇ ಸೃಷ್ಟಿಸಿತು. ನಲ್ಗೊಂಡ ಹೊತ್ತಿ ಉರಿಯುತ್ತಿರದಿದ್ದರೆ ಈ ಕಾನೂನುಗಳು ಇಷ್ಟು ತ್ವರಿತವಾಗಿ ಬರುತ್ತಿದ್ದವೆಂದು ಹೇಳುವುದು ಕಷ್ಟ. ಅವು ಇಡೀ ಸಂಸ್ಥಾನಕ್ಕೆ ಅನ್ವಯಿಸಿದವು; ಕೆಂಬಾವುಟವನ್ನು ಹಿಡಿಯದ ಕನ್ನಡದ ಗೇಣಿದಾರನಿಗೂ ಅವುಗಳ ರಕ್ಷಣೆ ದೊರೆಯಿತು.

1956ರಲ್ಲಿ ಬೀದರ ಜಿಲ್ಲೆ ಮೂರು ರಾಜ್ಯಗಳಿಗೆ ಹಂಚಿಹೋಯಿತು. ಹುಮನಾಬಾದ್ ತಾಲ್ಲೂಕು ಮೈಸೂರಿಗೆ ಬಂದಿತು, ಜಹೀರಾಬಾದ್ ಆಂಧ್ರಕ್ಕೆ ಹೋಯಿತು. ಗಡಿಗಳೊಡನೆ ನೆನಪುಗಳೂ ಪಾಲಾದವು: ತೆಲಂಗಾಣದ ಹೋರಾಟ ತೆಲುಗರ ಚರಿತ್ರೆಯಾಯಿತು, ಗೋರ್ಟಾ ಕನ್ನಡಿಗರ ನೋವಾಯಿತು. ಕಮ್ಯುನಿಸ್ಟರ ತಪ್ಪುಗಳನ್ನೂ ಹಿಂಸೆಯನ್ನೂ ಒಪ್ಪಬೇಕಾಗಿಲ್ಲ. ಆದರೆ ಕಲ್ಯಾಣದ ರೈತನ ಪಹಣಿಯ ಹಿಂದೆ ಕಡವೆಂಡಿಯ ಕೊಮರಯ್ಯನ ಋಣವೂ ಉಂಟೆಂಬುದನ್ನು ಇಲ್ಲಿಯ ಚರಿತ್ರೆ ದಾಖಲಿಸಬೇಕು. ಬಿಟ್ಟಿಗೂ ವೆಟ್ಟಿಗೂ ಮೂಲ ಒಂದೇ. ಅವುಗಳ ಬಿಡುಗಡೆಯ ಚರಿತ್ರೆಯನ್ನೂ ಒಂದಾಗಿಯೇ ಓದುವುದು ಯುಕ್ತ.