ಗ್ರಂಥಋಣ ಮತ್ತು ಕೇರಿಯ ಋಣ

ಕಳೆದ ವರ್ಷ ಒಂದು ಸಂಶೋಧನ ಪತ್ರಿಕೆಗೆ ಲೇಖನ ಕಳಿಸಿದ್ದೆ. ಧಾರವಾಡ ಸೀಮೆಯ ದಲಿತ ಕೇರಿಗಳ ನೀರಿನ ಚರಿತ್ರೆ ಅದರ ವಿಷಯ. ಲೇಖನ ನಿಂತಿದ್ದು ಕುಂದಗೋಳ ತಾಲೂಕು ಕುಬಿಹಾಳದ ಒಬ್ಬ ಆಯಿ ಹೇಳಿದ ಮಾತಿನ ಮೇಲೆ. ತನ್ನ ತವರೂರಿನ ಕೆರೆಗೆ ಕೊಡ ಹಿಡಿದು ಹೋಗಿ, ಮೇಲಿನವರು ಯಾರಾದರೂ ಬಂದು ನೀರು ಹಾಕೋತನಕ ದಂಡೆಯ ಮೇಲೆ ಕಾಯುತ್ತಿದ್ದ ದಿನಗಳನ್ನು ಆಕೆ ಎರಡು ಸಂಜೆ ಕೂತು ಹೇಳಿದಳು. ಯಾವ ಇಸವಿ ಅಂತ ಕೇಳಿದೆ. "ನಂದಿನ್ನೂ ಲಗ್ನ ಆಗಿದ್ದಿಲ್ಲ, ಹತ್ತಿ ಬೆಳಿ ಹೋದ ವರ್ಷ" ಅಂದಳು.

ಲೇಖನ ತಿರುಗಿ ಬಂತು. ವಾದದ ಬಗ್ಗೆ ಒಂದು ಮಾತೂ ಇರಲಿಲ್ಲ, ತಿದ್ದುಪಡಿ ಮಾತ್ರ ಎರಡಿದ್ದವು. ಆಕರಪಟ್ಟಿಯನ್ನು ಎಪಿಎ ಶೈಲಿಗೆ ತರಬೇಕು, ಅಂದರೆ ಅಡ್ಡಹೆಸರು ಮೊದಲು, ಸ್ವಂತ ಹೆಸರಿನ ಮೊದಲಕ್ಷರ ಆಮೇಲೆ. ಆಯಿಯ ಮಾತನ್ನು ಪಟ್ಟಿಯಿಂದ ತೆಗೆಯಬೇಕು. ಅದು 'ವೈಯಕ್ತಿಕ ಸಂವಹನ', ಲೇಖನದ ಒಳಗೆ ಆವರಣದಲ್ಲಿ ಹೇಳಿದರೆ ಸಾಕು.

ನಿಯಮ ಅವರು ಹುಟ್ಟಿಸಿದ್ದಲ್ಲ. ಅಮೆರಿಕದ ಮನೋವಿಜ್ಞಾನಿಗಳ ಸಂಘದ ಈ ಶೈಲಿ 1929ರಲ್ಲಿ ಏಳು ಪುಟದ ಸೂಚನೆಯಾಗಿ ಶುರುವಾದದ್ದು. ಓದುಗ ಹೋಗಿ ತೆಗೆದು ನೋಡಲು ಬಾರದ್ದು ಪಟ್ಟಿಯಲ್ಲಿ ಇರಕೂಡದು ಎಂಬುದು ಅದರ ತರ್ಕ. ಪತ್ರ, ಫೋನಿನ ಮಾತು, ಸಂದರ್ಶನ ಎಲ್ಲವೂ ಹೊರಗೆ. ತರ್ಕವೇನೋ ನೆಟ್ಟಗಿದೆ. ಆದರೆ ಅಕ್ಷರವನ್ನೇ ಮುಟ್ಟಗೊಡದೆ ಇಟ್ಟಿದ್ದ ಜನಕ್ಕೆ 'ನಿಮ್ಮ ಪುಸ್ತಕ ತೋರಿಸಿ' ಅಂದರೆ ಏನು ತೋರಿಸಬೇಕು? ಕನ್ನಡದಲ್ಲಿ ಆಕರಪಟ್ಟಿಗೆ 'ಗ್ರಂಥಋಣ' ಎಂಬ ಒಳ್ಳೆಯ ಶಬ್ದವಿದೆ. ಗ್ರಂಥದ ಋಣ ತೀರಿಸಲು ಜಾಗ ಉಂಟು, ಬಾಯಿಮಾತಿನ ಋಣಕ್ಕೆ ಖಾತೆಯೇ ತೆರೆದಿಲ್ಲ.

ಅಡ್ಡಹೆಸರಿನ ಮಾತಿಗೆ ಬರೋಣ. ಮೈಸೂರು ಕಡೆಯವರಿಗೆ ಇದರ ಬಿಸಿ ಅಷ್ಟು ತಾಗಲಿಕ್ಕಿಲ್ಲ. ಸಿದ್ಧಲಿಂಗಯ್ಯ ಅಂದರೆ ಸಿದ್ಧಲಿಂಗಯ್ಯ, ಹಿಂದೆಮುಂದೆ ಮಾಡಲು ಏನಿದೆ? ದೇವನೂರ ಮಹಾದೇವರನ್ನು ತಿರುಗಿಸಿದರೆ ಊರು ಒಂದಕ್ಷರವಾದೀತು, ಮನುಷ್ಯ ಉಳಿಯುತ್ತಾನೆ. ನಮ್ಮ ಕಡೆ ಹಾಗಲ್ಲ. ಇಲ್ಲಿ ಮಾಸ್ತರರು ಶಾಲೆಯ ದಾಖಲೆಯಲ್ಲಿ ಅಡ್ಡಹೆಸರಿನ ಜಾಗಕ್ಕೆ ಮಾದರ, ಚಲವಾದಿ, ಹರಿಜನ ಅಂತ ಬರೆದುಕೊಂಡೇ ಬಂದಿದ್ದಾರೆ. ನನ್ನದೂ ಮಾದರ. ಎಪಿಎ ಶೈಲಿಯಲ್ಲಿ ನಾನು 'ಮಾದರ, ಎಸ್.' ಆಗುತ್ತೇನೆ. ಜಾತಿ ಪೂರ್ತಿ ನಿಂತಿತು, ನನ್ನವ್ವ ತೊಟ್ಟಿಲಲ್ಲಿ ಕರೆದ ಹೆಸರು ಒಂದಕ್ಷರಕ್ಕೆ ಇಳಿಯಿತು. ನಮ್ಮ ಅಣ್ಣ ಅಫಿಡವಿಟ್ ಮಾಡಿಸಿ ಊರಿನ ಹೆಸರನ್ನೇ ಅಡ್ಡಹೆಸರು ಮಾಡಿಕೊಂಡ. ಅದು ತಪ್ಪಿಸಿಕೊಳ್ಳುವ ಹಾದಿ ಅಂತ ನಾನು ಅವನ ಜೋಡಿ ಜಗಳ ಆಡಿದ್ದೆ. ಅಂಬೇಡ್ಕರ್ ಎಂಬ ಹೆಸರು ಅಂಬಡವೆ ಎಂಬ ಊರಿನಿಂದ ಬಂದದ್ದೆಂದು ಆಗ ನನಗೆ ನೆನಪಾಗಲಿಲ್ಲ.

ಆಕರ ಯಾರದು ಎಂಬ ಪ್ರಶ್ನೆ ಈ ಸೀಮೆಗೆ ಹಳೆಯದು. 1884ರ ಮುಂಬೈ ಗೆಜೆಟಿಯರಿನ ಧಾರವಾಡ ಸಂಪುಟದಲ್ಲಿ ನಮ್ಮ ಕೇರಿಗಳ ಊಟ, ಉಡುಗೆ, ಮದುವೆ, ಮಣ್ಣು ಎಲ್ಲ ಇದೆ. ಉಲ್ಲೇಖಿಸುವಾಗ ಬರೆಯುವುದು ಸಂಪಾದಕ ಕ್ಯಾಂಪ್‌ಬೆಲ್‌ನ ಹೆಸರು. ಮನೆಯೊಳಗಿನ ಸಂಗತಿ ಹೇಳಿದವರು ಯಾರೋ ಇದ್ದೇ ಇರಬೇಕಲ್ಲ. ಮರುವರ್ಷ, 1885ರಿಂದ, ಮುಂಬೈ ಪ್ರಾಂತದ ಅಧಿಕಾರಿ ಜೆ.ಎಫ್. ಫ್ಲೀಟ್ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಕನ್ನಡ ಲಾವಣಿಗಳನ್ನು ಅಚ್ಚು ಹಾಕಿಸಿದ. ಸಂಗೊಳ್ಳಿ ರಾಯಣ್ಣನದು ಅಲ್ಲಿದೆ, ಹಲಗಲಿ ಬೇಡರದೂ ಇದೆ. ಅವನ ಉಪಕಾರ ದೊಡ್ಡದು, ಅಲ್ಲಗಳೆಯುವುದಿಲ್ಲ. ಆದರೆ ಪಟ್ಟಿಯಲ್ಲಿ 'ಫ್ಲೀಟ್, ಜೆ.ಎಫ್.' ಎಂದು ಬರೆದ ಮೇಲೆ ಕಟ್ಟಿದವನಿಗೆ ಎಲ್ಲಿ ಜಾಗ? ನಾವು ಶಾಲೆಯಲ್ಲಿ ಓದಿದ ಹಲಗಲಿಯ ಲಾವಣಿ ತನ್ನ ವಿಳಾಸವನ್ನು ತಾನೇ ಹೇಳಿಕೊಳ್ಳುತ್ತದೆ, ಕೊನೆಗೆ ಕುರ್ತಕೋಟಿಯ ಕಲ್ಮೇಶ ಬರುತ್ತಾನೆ. ಊರು ಮತ್ತು ದೇವರು.

ವಚನಕಾರರು ಇದನ್ನೇ ಅಂಕಿತ ಅಂದರು. ಮಾದಾರ ಚೆನ್ನಯ್ಯನ ಅಂಕಿತದೊಳಗೆ ಉಳಿ, ಕತ್ತಿ, ಅಡಿಗೂಂಟ ಇವೆ, ಕಸುಬಿನ ಸಾಮಾನೇ ರುಜು. ಅಂಕಿತವೆಂದರೆ ಎಷ್ಟು ಗಂಭೀರ ಎನ್ನುವುದಕ್ಕೆ ಇತ್ತೀಚಿನ ಸಾಕ್ಷಿಯೂ ಇದೆ. ಬಸವಣ್ಣನ ವಚನಗಳ ಅಂಕಿತವನ್ನು 'ಲಿಂಗದೇವ' ಎಂದು ಬದಲಿಸಿದ ಮಾತೆ ಮಹಾದೇವಿಯವರ ಪುಸ್ತಕವನ್ನು ಸರ್ಕಾರ 1998ರಲ್ಲಿ ನಿಷೇಧಿಸಿತು, ಸುಪ್ರೀಂ ಕೋರ್ಟು 2017ರಲ್ಲಿ ಅದನ್ನು ಎತ್ತಿಹಿಡಿಯಿತು. ಒಂದು ಅಂಕಿತಕ್ಕೆ ದಿಲ್ಲಿತನಕ ಹೋಗುವ ನಾಡು, ಆಯಿಯ ಮಾತು ಪಟ್ಟಿಯಿಂದ ಬಿದ್ದರೆ ಕಚ್ಚುಗುರುತು ತಿದ್ದಿದಷ್ಟೇ ಹಗುರಾಗಿ ನೋಡುತ್ತದೆ.

ಹಾಗಂತ ಉಲ್ಲೇಖದ ಶಿಸ್ತೇ ಬ್ರಾಹ್ಮಣ್ಯ, ಅದು ನಮಗೆ ಬೇಡ ಎನ್ನುವ ಗೆಳೆಯರ ಮಾತನ್ನು ನಾನು ಒಪ್ಪುವುದಿಲ್ಲ. ಅಂಬೇಡ್ಕರರು ಜಾತಿಯ ಹುಟ್ಟಿನ ಬಗ್ಗೆ 1916ರ ಮೇ 9ರಂದು ಕೊಲಂಬಿಯಾದಲ್ಲಿ ಓದಿದ ಪ್ರಬಂಧ, ಮರುವರ್ಷ ಮೇ ತಿಂಗಳಲ್ಲಿ ಅಚ್ಚಾದದ್ದು ಅದೇ 'ಇಂಡಿಯನ್ ಆಂಟಿಕ್ವರಿ'ಯಲ್ಲಿ. ಸೆನಾರ್ಟ್, ನೆಸ್‌ಫೀಲ್ಡ್, ರಿಸ್ಲಿ, ಕೇತ್ಕರ್ ಇವರನ್ನೆಲ್ಲ ಹೆಸರಿಟ್ಟು ಎದುರಿಗೆ ನಿಲ್ಲಿಸಿಕೊಂಡೇ ವಾದ ಮಾಡುತ್ತಾರೆ. ಮುಂದೆ 1948ರ ಅಸ್ಪೃಶ್ಯರ ಕುರಿತ ಪುಸ್ತಕದ ಮುನ್ನುಡಿಯಲ್ಲಿ, ದಾಖಲೆ ಸಿಗದ ಕಡೆ ಊಹೆಯಿಂದ ಕೊಂಡಿ ಕೂಡಿಸುವ ಹಕ್ಕು ಚರಿತ್ರೆಕಾರನಿಗಿದೆ ಎಂದೂ ಹೇಳುತ್ತಾರೆ. ಎರಡೂ ಅವರೇ.

ಆ ಪ್ರಬಂಧದ ಉಲ್ಲೇಖದಲ್ಲೊಂದು ಮೋಜು ಇದೆ. ಪತ್ರಿಕೆಯ ಸಂಪುಟ 41 ಎಂದು ಬಹಳ ಕಡೆ ಅಚ್ಚಾಗಿದೆ, ನಾನೂ ಹಾಗೇ ಬರೆದಿದ್ದೆ. ಪತ್ರಿಕೆ ಶುರುವಾದದ್ದು 1872ರಲ್ಲಿ, ವರ್ಷಕ್ಕೊಂದು ಸಂಪುಟ. ಬೆರಳು ಮಡಚಿ ಎಣಿಸಿದರೆ 1885ಕ್ಕೆ 14, 1917ಕ್ಕೆ 46 ಬರುತ್ತದೆ. ರೋಮನ್ ಅಂಕಿಯೊಳಗಿನ ಒಂದು 'ವಿ' ಎಲ್ಲೋ ಉದುರಿದೆ. ಅಲ್ಪವಿರಾಮ ತಿದ್ದಿದ ಪರಿಶೀಲಕರೂ ಇದನ್ನು ಹಿಡಿಯಲಿಲ್ಲ. ತೆಗೆದು ನೋಡಬಹುದಾದ ಆಕರವನ್ನು ನಾವು ಯಾರೂ ತೆಗೆದು ನೋಡಿರಲಿಲ್ಲ.

ಹೊರಗಿನವರು ಹಾದಿ ಹುಡುಕಿದ್ದಾರೆ. ಕೆನಡಾದ ಕ್ರೀ ಬುಡಕಟ್ಟಿನ ಗ್ರಂಥಪಾಲಕಿ ಲೋರಿಸಿಯಾ ಮ್ಯಾಕ್‌ಲಿಯೋಡ್ ಹಿರಿಯರ ಮಾತನ್ನು ಪಟ್ಟಿಯೊಳಗೇ ಸೇರಿಸುವ ಮಾದರಿ ಸಿದ್ಧಮಾಡಿ 2021ರಲ್ಲಿ ಪ್ರಕಟಿಸಿದರು. ಹೆಸರು, ಸಮುದಾಯ, ವಾಸದ ಊರು, ಮಾತಿನ ವಿಷಯ, ದಿನಾಂಕ. ಖುಷಿಯಿಂದ ನಕಲು ಮಾಡಲು ಕೂತೆ. ಎರಡನೆಯ ಮನೆಗೆ ಬಂದಾಗ ಪೆನ್ನು ನಿಂತಿತು. ಅವರಿಗೆ ಸಮುದಾಯದ ಹೆಸರು ಅಭಿಮಾನ. ನಮ್ಮಲ್ಲಿ ಅದೇ ಮನೆಯೊಳಗೆ ತಹಶೀಲ್ದಾರರ ಸರ್ಟಿಫಿಕೇಟು ಬಂದು ಕೂರುತ್ತದೆ.

ಕುಬಿಹಾಳಕ್ಕೆ ಮತ್ತೆ ಹೋಗಿ ಆಯಿಯನ್ನೇ ಕೇಳಿದೆ, ಹೆಸರು ಹಾಕಲೇನು ಅಂತ. ಆಕೆ ಒಮ್ಮೆಲೇ ಗಾಬರಿಯಾದಳು. "ಬ್ಯಾಡ ತಮ್ಮಾ. ತವರಾಗ ನಮ್ಮಣ್ಣನ ಮಕ್ಕಳು ಇನ್ನೂ ಅವರ ಹೊಲದಾಗ ದುಡೀತಾರ. ನೀ ಬರದು ಹ್ವಾದಿ, ನಾಳೆ ಅವರ ಗತಿ ಏನು?" ಹೆಸರಿಗಾಗಿ ಇಷ್ಟು ವಾದ ಕಟ್ಟಿಕೊಂಡು ಹೋಗಿದ್ದ ನನಗೆ ಉತ್ತರ ಹೊಳೆಯಲಿಲ್ಲ. ಚಹಾ ಕುಡಿದು ಎದ್ದೆ. ಹೊರಡುವಾಗ ಬಾಗಿಲತನಕ ಬಂದು, "ಊರಿನ ಹೆಸರು ಬೇಕಾದ್ರ ಹಾಕು, ಕುಬಿಹಾಳದಾಗ ಮಂದಿ ಭಾಳ ಅದೇವಿ" ಅಂದಳು.

ಕುರ್ತಕೋಟಿಯ ಲಾವಣಿಕಾರ ಮಾಡಿದಂತೆ ನಾನೂ ಊರಿನಿಂದಲೇ ಶುರುಮಾಡಿದೆ: 'ಕುಬಿಹಾಳ, ಕುಂದಗೋಳ ತಾಲೂಕು. ಹೆಸರು ಬೇಡವೆಂದ ಹಿರಿಯಳು ಹೇಳಿದ್ದು. ಕೆರೆಯ ನೀರು. ಹತ್ತಿ ಬೆಳೆ ಹೋದ ವರ್ಷದ ಸಂಗತಿ.' ಕೆಳಗೆ ನಾನು ಕೇಳಿದ ದಿನಾಂಕ. ಕನ್ನಡದ ಅಕಾರಾದಿಯಲ್ಲಿ ಅದು ಕ್ಯಾಂಪ್‌ಬೆಲ್‌ಗಿಂತ ಮೇಲೆ ಬರುತ್ತದೆ. ಲೇಖನ ಮತ್ತೆ ಕಳಿಸಿ ಮೂರು ತಿಂಗಳಾಯಿತು, ಪತ್ರಿಕೆಯಿಂದ ಇನ್ನೂ ಉತ್ತರ ಬಂದಿಲ್ಲ.